ಇಲಿಯ ಆಯಸ್ಸು, ನಮ್ಮ ಆಯಸ್ಸು

ಮುಪ್ಪು ತಡೆಯುತ್ತವೆ ಎಂದು ಮಾರುವ ಎನ್ಎಂಎನ್ ಮತ್ತು ರೆಸ್ವೆರಾಟ್ರಾಲ್ ಎಂಬ ಪೂರಕ ಮಾತ್ರೆಗಳಿಂದ ಇಲಿಗಳ ಆಯಸ್ಸು ಹೆಚ್ಚಿದೆಯಂತೆ, ನಾನೂ ಶುರು ಮಾಡಲಾ ಎಂದು ಕೇಳಿದ್ದೀರಿ. ಆ ಇಲಿಗಳ ಕಥೆ ಪೂರ್ತಿ ಕೇಳಿ. 2006ರಲ್ಲಿ ರೆಸ್ವೆರಾಟ್ರಾಲ್ ತಿಂದು ಜಾಸ್ತಿ ಬದುಕಿದ್ದು, ಕೊಬ್ಬಿನ ಆಹಾರ ತಿನ್ನಿಸಿ ದಪ್ಪ ಮಾಡಿದ್ದ ಇಲಿಗಳು. ಆಮೇಲೆ ಅಮೆರಿಕದ ಮೂರು ಪ್ರಯೋಗಾಲಯಗಳು ಸೇರಿ ಮಾಮೂಲಿ ಆಹಾರದ ಇಲಿಗಳಿಗೆ ಕೊಟ್ಟು ನೋಡಿದವು. ಆಯಸ್ಸು ಹೆಚ್ಚಲಿಲ್ಲ. ಜಾಹೀರಾತಿನವರು ಇದನ್ನು ಹೇಳುವುದಿಲ್ಲ, ಅಲ್ವಾ?

ಎನ್ಎಂಎನ್ ತಿಂದರೆ ರಕ್ತದಲ್ಲಿ ಎನ್ಎಡಿ (ಜೀವಕೋಶಗಳು ಶಕ್ತಿ ತಯಾರಿಸಲು ಬಳಸುವ ವಸ್ತು) ಮಟ್ಟ ಏರುವುದು ನಿಜ. ಆದರೆ ಮಟ್ಟ ಏರುವುದು ಬೇರೆ, ಮನುಷ್ಯ ಹೆಚ್ಚು ವರ್ಷ ಬದುಕುವುದು ಬೇರೆ. ಎರಡನೆಯದನ್ನು ಯಾರೂ ತೋರಿಸಿಲ್ಲ.

"ಸುಮ್ನೆ ತಿಂದರೆ ನಷ್ಟವೇನು" ಎಂದಿರಲ್ಲ, ನನ್ನ ತಕರಾರು ಅಲ್ಲೇ. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29,133 ಗಂಡಸರ ಮೇಲೆ, ಕ್ಯಾರೆಟ್ಟಿನಲ್ಲಿರುವ ಬೀಟಾ ಕ್ಯಾರೊಟಿನ್ ಎಂಬ ಪೋಷಕಾಂಶದ ಮಾತ್ರೆಯ ಪ್ರಯೋಗ ನಡೆಯಿತು. ಕ್ಯಾನ್ಸರ್ ತಡೆಯುತ್ತದೆ ಎಂಬ ನಂಬಿಕೆಯಿಂದಲೇ ಕೊಟ್ಟದ್ದು. 1994ರಲ್ಲಿ ಫಲಿತಾಂಶ ಬಂದಾಗ, ಅದನ್ನು ತಿಂದವರಲ್ಲೇ ಶ್ವಾಸಕೋಶದ ಕ್ಯಾನ್ಸರ್ 18% ಜಾಸ್ತಿ!

ನಾನಾಗಿದ್ದರೆ ಕೊಳ್ಳುತ್ತಿರಲಿಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತಗೊಳ್ಳುತ್ತಿದ್ದೇನೆ ಅಂತಲೂ ಬರೆದಿದ್ದೀರಿ. ಅದರ ಜೊತೆ ರೆಸ್ವೆರಾಟ್ರಾಲ್ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚಬಹುದು. ಮೊದಲು ನಿಮ್ಮ ಡಾಕ್ಟರನ್ನು ಕೇಳಿ.