ಹೆಂಡತಿಯ ಒಡವೆ ಅಡವಿಟ್ಟು ಫ್ಲ್ಯಾಟ್ ಕೊಳ್ಳಲೇ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಪ್ರೌಢಶಾಲಾ ಶಿಕ್ಷಕ. ಬೆಂಗಳೂರಿನಲ್ಲಿ 50 ಲಕ್ಷದ ಫ್ಲ್ಯಾಟ್ ಕೊಂಡು ಬಾಡಿಗೆಗೆ ಕೊಡುವ ಯೋಚನೆ. ಬ್ಯಾಂಕು 40 ಲಕ್ಷ ಕೊಡುತ್ತದೆ. ಉಳಿದದ್ದಕ್ಕೆ ಹೆಂಡತಿಯ ಒಡವೆ ಅಡವಿಡಬಹುದೇ? 16 ಸಾವಿರ ಬಾಡಿಗೆ ಬರುತ್ತದಂತೆ.

ಉತ್ತರ: ಮೇಷ್ಟ್ರೇ, ಆ ‘ಅಂತೆ’ ನಿಮಗೆ ಹೇಳಿದವರು ಬ್ರೋಕರ್ ತಾನೇ? ಶೇ 9ರ ಬಡ್ಡಿಯಲ್ಲಿ 20 ವರ್ಷಕ್ಕೆ 40 ಲಕ್ಷ ಪಡೆದರೆ ತಿಂಗಳ ಕಂತು ಸುಮಾರು 36 ಸಾವಿರ. ಮೊದಲ ಕಂತಿನಲ್ಲಿ 30 ಸಾವಿರ ಬರೀ ಬಡ್ಡಿ. ಐದು ವರ್ಷದಲ್ಲಿ 21.6 ಲಕ್ಷ ಕಟ್ಟಿದ ಮೇಲೂ 35.5 ಲಕ್ಷ ಬಾಕಿ ಇರುತ್ತದೆ. ಬಾಡಿಗೆ ತಪ್ಪದೆ ಬಂದರೂ ತಿಂಗಳಿಗೆ 20 ಸಾವಿರ ನಿಮ್ಮ ಸಂಬಳದಿಂದಲೇ ಹೋಗಬೇಕು. ಮನೆ ಖಾಲಿ ಬಿದ್ದ ತಿಂಗಳು ಪೂರ್ತಿ 36. ನಿರ್ವಹಣಾ ಶುಲ್ಕ, ಆಸ್ತಿ ತೆರಿಗೆ ಬೇರೆ.

ಮುದ್ರಾಂಕ, ನೋಂದಣಿಗೆ ಮೂರೂವರೆ ಲಕ್ಷಕ್ಕೂ ಹೆಚ್ಚು ಬೇಕು. ಅದನ್ನು ಲೆಕ್ಕದಲ್ಲಿ ನೀವು ಬರೆದೇ ಇಲ್ಲ. ಒಡವೆ ಸಾಲದ ಬಡ್ಡಿಯನ್ನೂ ಬಿಟ್ಟಿದ್ದೀರಿ.

‘ಕಷ್ಟವಾದರೆ ಮಾರಿದರಾಯಿತು’ ಎಂದು ನಾನೂ ಅಂದುಕೊಂಡಿದ್ದೆ. ಸಾಲ ಮಾಡಿ ಕೊಂಡ ನಿವೇಶನಕ್ಕೆ ಹದಿನಾಲ್ಕು ತಿಂಗಳು ಗಿರಾಕಿ ಸಿಗಲಿಲ್ಲ. ನೋಡಲು ಬಂದವರಿಗೆಲ್ಲ ಕಾಫಿ ಕೊಟ್ಟು ಕೊಟ್ಟು ನನ್ನಾಕೆ ಬೇಸತ್ತಳು. ಕಂತು ಮಾತ್ರ ಐದನೇ ತಾರೀಕಿಗೆ ಸರಿಯಾಗಿ ಕಡಿತವಾಗುತ್ತಿತ್ತು.

ಒಡವೆ ಬೀರುವಿನಲ್ಲೇ ಇರಲಿ. ಒಂದು ವರ್ಷ ಆ 20 ಸಾವಿರವನ್ನು ತಿಂಗಳು ತಿಂಗಳು ಆರ್‌.ಡಿ.ಗೆ ಕಟ್ಟಿ ನೋಡಿ. ಒಂದು ಕಂತೂ ತಪ್ಪದಿದ್ದರೆ ಮತ್ತೆ ಬರೆಯಿರಿ. ಆಗ ಫ್ಲ್ಯಾಟಿನ ಖಾತೆ (ಪಾಲಿಕೆಯ ಆಸ್ತಿ ದಾಖಲೆ), ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯ ಮಾತಾಡೋಣ.