ಪ್ರತಿಕ್ರಿಯೆ: ಬ್ಲೂಸ್ ರಾಕ್ ಸಂಜೆ, ಮರುದಿನ ದ್ವೀಪ

ಮಡಿಕೇರಿಯಿಂದ ಮಂಗಳೂರಿಗೆ ಇಳಿದು ಬ್ಲೂಸ್ ರಾಕ್ (ಗಿಟಾರ್ ಪ್ರಧಾನವಾದ ಪಾಶ್ಚಾತ್ಯ ಸಂಗೀತ) ಕಾರ್ಯಕ್ರಮ ಕೇಳಿ, ಮರುದಿನ ಸೇಂಟ್ ಮೇರೀಸ್ ದ್ವೀಪದಲ್ಲಿ ತಂಗಬಹುದೇ ಎಂದು ಕೇಳಿದ್ದೀರಿ. ದ್ವೀಪದಲ್ಲಿ ತಂಗುವಂತಿಲ್ಲ, ಮಲ್ಪೆಯಲ್ಲೋ ಉಡುಪಿಯಲ್ಲೋ ಕೋಣೆ ಹಿಡಿದು ಬೆಳಗಿನ ದೋಣಿಯಲ್ಲಿ ಹೋಗಿ ಬನ್ನಿ. ಮಳೆಗಾಲದಲ್ಲಿ ದೋಣಿ ನಿಲ್ಲುತ್ತದೆ.

ಕಾರ್ಯಕ್ರಮದಲ್ಲಿ ವೇದಿಕೆಯ ಬುಡಕ್ಕೆ ನುಗ್ಗಬೇಡಿ. ಧ್ವನಿ ಹೊಂದಿಸುವವರ ಮೇಜಿನ ಬಳಿ ನಿಂತರೆ ಗಿಟಾರ್, ಬಾಸ್, ಡ್ರಮ್ ಮೂರೂ ಹದವಾಗಿ ಕೇಳುತ್ತವೆ. ಗಿಟಾರ್ ವಾದಕರ ಎಡಗೈಯನ್ನೇ ನೋಡುತ್ತಿರಿ. ಬೆರಳು ತಂತಿಯನ್ನು ಪಕ್ಕಕ್ಕೆ ಎಳೆದಾಗ ಸ್ವರ ನಿಧಾನಕ್ಕೆ ಮೇಲೇರಿ, ಅಲ್ಲೇ ನಡುಗುತ್ತದೆ. ಗಮಕ ಕೇಳಿ ಬೆಳೆದ ನಮ್ಮ ಕಿವಿಗೆ ಅದು ತಟ್ಟನೆ ಹತ್ತಿರವಾಗುತ್ತದೆ. ನನಗಂತೂ ಕಣ್ಣು ತುಂಬಿತ್ತು!

ದ್ವೀಪದಲ್ಲಿ ಕಂಬಗಳಂತೆ ನಿಂತ ಕಲ್ಲುಗಳು ಸುಮಾರು 8.8 ಕೋಟಿ ವರ್ಷಗಳ ಹಿಂದಿನ ಲಾವಾ. ಅವುಗಳ ನಡುವೆ ಈಜಬೇಡಿ. ಮಡಿಕೇರಿಯಿಂದ ಬರುವಾಗ ಸಂಪಾಜೆ ಘಾಟಿಯನ್ನು ಹಗಲಲ್ಲೇ ಇಳಿಯಿರಿ.