ದಾನದ ಎತ್ತಿನ ಹಲ್ಲು

ಪತ್ರ: ನೆರೆ ಸಂತ್ರಸ್ತರಿಗಾಗಿ ನಮ್ಮ ಬಡಾವಣೆಯ ಮಹಿಳೆಯರು ಹನ್ನೆರಡು ಮೂಟೆ ಬಟ್ಟೆ ಸಂಗ್ರಹಿಸಿದ್ದೆವು. ಪರಿಹಾರ ಕೇಂದ್ರದವರು ‘ಹಳೆಯ ಬಟ್ಟೆ ಬೇಡ’ ಎಂದು ಹಿಂದಿರುಗಿಸಿದರು. ದಾನವಾಗಿ ಬಂದ ಎತ್ತಿನ ಹಲ್ಲು ಎಣಿಸಬಹುದೇ?
– ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ: ಮಾನ್ಯ ಸೋದರಿ, ಮನೆಮನೆಗೆ ಅಲೆದು, ಬಾಡಿಗೆ ತೆತ್ತು ಸಾಗಿಸಿದ್ದು ಬಾಗಿಲಿನಿಂದಲೇ ವಾಪಸಾದರೆ ಯಾರಿಗಾದರೂ ಬೇಸರವಾಗುತ್ತದೆ. ಕೇಂದ್ರದವರು ಅದನ್ನು ಇನ್ನಷ್ಟು ಮೃದುವಾಗಿ ಹೇಳಬಹುದಿತ್ತು. ಆದರೆ ನೀವು ಉದಾಹರಿಸಿದ ಗಾದೆಯನ್ನು ಹಿರಿಯರು ಪಡೆಯುವವರಿಗಾಗಿ ಹೇಳಿದ್ದಾರೆ. ಕೊಡುವವರು ಅದನ್ನು ಗುರಾಣಿ ಮಾಡಿಕೊಳ್ಳುವಂತಿಲ್ಲ. ಕೊಡುವವರಿಗೆ ಹೇಳಿದ ಮಾತು ಬೇಕಿದ್ದರೆ ಕಠೋಪನಿಷತ್ತಿನ ಆರಂಭವನ್ನು ಓದಿ. ತಂದೆಯು ಯಜ್ಞದಲ್ಲಿ ದಕ್ಷಿಣೆಯಾಗಿ ಕೊಡುತ್ತಿದ್ದ ಹಸುಗಳನ್ನು ಕಂಡು ಬಾಲಕ ನಚಿಕೇತನು ತಳಮಳಿಸುತ್ತಾನೆ: ಇವು ಕುಡಿಯುವ ನೀರನ್ನು ಕುಡಿದು ಮುಗಿಸಿವೆ, ಮೇಯುವ ಹುಲ್ಲನ್ನು ಮೇದು ಮುಗಿಸಿವೆ, ಇವುಗಳ ಹಾಲನ್ನೂ ಕರೆದಾಗಿದೆ, ಇಂಥವನ್ನು ಕೊಟ್ಟವನು ಆನಂದವಿಲ್ಲದ ಲೋಕಗಳಿಗೆ ಹೋಗುತ್ತಾನೆ. ಅಲ್ಲಿ ಹಲ್ಲು ಎಣಿಸಿದವನು ದಾನಿಯ ಮಗನೇ.

2009ರ ಅಕ್ಟೋಬರ್ ಆರಂಭದ ಮಳೆಗೆ ಮಲಪ್ರಭೆ ಉಕ್ಕಿ ಬಾಗಲಕೋಟೆ ಸೀಮೆಯ ಊರುಗಳು ಮುಳುಗಿದಾಗ, ಶಾಲೆಯೊಂದರಲ್ಲಿ ನಾಲ್ಕು ದಿನ ಬಟ್ಟೆ ವಿಂಗಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮೂಟೆ ಬಿಚ್ಚಿದರೆ ಹುಕ್ಕುಗಳಿಲ್ಲದ ರವಿಕೆ, ಜಿಪ್ಪು ಕಿತ್ತ ಪ್ಯಾಂಟು, ಲಾಡಿಯಿಲ್ಲದ ಲಂಗ. ಒದ್ದೆ ಮೂಟೆಯೊಂದು ಬೂಸ್ಟು ಹಿಡಿದು ಪಕ್ಕದ ಮೂಟೆಗಳನ್ನೂ ಕೆಡಿಸಿತ್ತು. ಬದುಕಿಡೀ ಇಳಕಲ್ ಸೀರೆ ಉಟ್ಟ ಅಜ್ಜಿಯೊಬ್ಬರ ಕೈಗೆ ಸ್ವಯಂಸೇವಕನೊಬ್ಬ ನೈಟಿ ಇಟ್ಟ. ಅವರು ಅದನ್ನು ಬಿಡಿಸಿ ನೋಡಿ, ಅಂಚಿಗೆ ಅಂಚು ಸೇರಿಸಿ ಮಡಚಿ ಮರಳಿಸಿ, ‘ಇದು ಬ್ಯಾಡೋ ಯಪ್ಪಾ, ಒಂದು ಹಂಚು ಸಿಗತೈತೇನು? ರೊಟ್ಟಿ ಮಾಡ್ಕೋತೀವಿ’ ಎಂದರು. ಬಟ್ಟೆ ಸೂರಿನೆತ್ತರಕ್ಕೆ ಬಿದ್ದಿದ್ದ ಆ ಶಾಲೆಯಲ್ಲಿ ಒಂದು ಹಂಚಿರಲಿಲ್ಲ.

2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯಲ್ಲಿಯೂ ಯಾರಿಗೂ ಬೇಡವಾದ ಬಟ್ಟೆಯ ರಾಶಿಗಳು ರಸ್ತೆಬದಿಯಲ್ಲಿ ಬಿದ್ದಿದ್ದವು. ಅವನ್ನು ಆಯ್ದು ಬಳಕೆಗೆ ತರಲು ಶ್ರಮಿಸಿದ್ದು, ಅಂಶು ಗುಪ್ತಾ ಅವರು 1999ರಲ್ಲಿ ದೆಹಲಿಯಲ್ಲಿ ಆರಂಭಿಸಿದ ‘ಗೂಂಜ್’ ಸಂಸ್ಥೆ. ಹಳ್ಳಿಯವರು ತಮ್ಮೂರಿನ ಬಾವಿಯನ್ನೋ ರಸ್ತೆಯನ್ನೋ ತಾವೇ ದುರಸ್ತಿ ಮಾಡಿಕೊಂಡರೆ, ಆ ದುಡಿಮೆಗೆ ಪ್ರತಿಯಾಗಿ ಗೂಂಜ್ ಬಟ್ಟೆಬರೆ ಕೊಡುತ್ತದೆ. ಸವೆದ ಹತ್ತಿ ಬಟ್ಟೆಯಿಂದ ಮುಟ್ಟಿನ ದಿನಗಳಿಗೆ ಬೇಕಾದ ಪ್ಯಾಡುಗಳನ್ನು ಸಿದ್ಧಪಡಿಸುತ್ತದೆ. ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಹಳೆಯ ಬಟ್ಟೆಯ ಬಗ್ಗೆ ಇಷ್ಟು ಯೋಚಿಸಿದವರು ವಿರಳ.

ಮನೆಗೆ ಬಂದ ನೆಂಟರನ್ನು ಕಾಫಿಯೋ ಚಹಾವೋ ಎಂದು ಕೇಳುವ ನಾವು, ಮನೆಯನ್ನೇ ಕಳೆದುಕೊಂಡವರನ್ನು ಏನು ಬೇಕೆಂದು ಕೇಳುವುದಿಲ್ಲ. ಲಾರಿಗೆ ಬ್ಯಾನರ್ ಕಟ್ಟುತ್ತೇವೆ. ಕಂಬಳಿ ಕೈಗಿಡುವ ಮೊದಲು ಅವರ ಮುಖವನ್ನು ಕ್ಯಾಮೆರಾದತ್ತ ತಿರುಗಿಸುತ್ತೇವೆ. ಅಪ್ಪ ತಲೆ ತಗ್ಗಿಸಿ ನಿಂತ ಆ ಫೋಟೊವನ್ನು ನಾಳೆ ಮಗಳು ಮೊಬೈಲಿನಲ್ಲಿ ನೋಡಬೇಕಾಗುತ್ತದೆ ಎಂಬ ಎಚ್ಚರ ಯಾರಿಗೂ ಇಲ್ಲದಿರುವುದು ನನಗೆ ನಿಜಕ್ಕೂ ಸಂಕಟ ತರುತ್ತದೆ.

ನಿಮ್ಮ ಮೂಟೆಗಳನ್ನು ಎಸೆಯಬೇಡಿ. ಒಂದು ಮಧ್ಯಾಹ್ನ ಎಲ್ಲರೂ ಕುಳಿತು ಬಿಚ್ಚಿರಿ. ಒಡಹುಟ್ಟಿದ ತಂಗಿಗೆ ಸಂಕೋಚವಿಲ್ಲದೆ ಕೊಡಬಲ್ಲಂಥವನ್ನು ಒಗೆದು, ಗುಂಡಿ ಹಚ್ಚಿ, ಹೆಂಗಸರದು, ಗಂಡಸರದು, ಮಕ್ಕಳದು ಎಂದು ಬೇರೆ ಬೇರೆ ಕಟ್ಟಿ, ಮೂಟೆಯ ಮೇಲೆ ಬರೆದು, ಕೇಂದ್ರಕ್ಕೆ ಫೋನ್ ಮಾಡಿ ಕೇಳಿದ ಬಳಿಕವೇ ಕಳುಹಿಸಿರಿ. ಸವೆದ ಹತ್ತಿ ಸೀರೆಗಳನ್ನು ಕೌದಿ ಹೊಲಿಯುವ ಹೆಂಗಸರಿಗೆ ತಲುಪಿಸಿರಿ. ಕೌದಿಗೆ ಉಟ್ಟುಟ್ಟು ಮೆತ್ತಗಾದ ಬಟ್ಟೆಯೇ ಬೇಕು. ಅಲ್ಲಿಂದ ನಿಮ್ಮನ್ನು ಯಾರೂ ಹಿಂದಕ್ಕೆ ಕಳುಹಿಸುವುದಿಲ್ಲ.